ಕಂಕಣ ಬಿಚ್ಚುವವರೆಗೆ

ನವೆಂಬರ್ 10, ಭಾನುವಾರ, ಬೆಳಗ್ಗೆ

'ಆಡಿದ ಮಾತು ಮನೆಯಾಗುವುದು, ಒಳಗೆ ಇಬ್ಬರಿದ್ದರೆ...' ಮುಂದೆ ಏನಿತ್ತು? ಅವಲಕ್ಕಿ ತೋಯಿಸುವಾಗ ನೆನಪಾಯಿತು, ಅರ್ಧ ಮಾತ್ರ. ಆ ಪದ್ಯದ ಪುಸ್ತಕ ಇಲ್ಲ. ಬ್ಯಾಡಗಿಯ ಮನೆಯಲ್ಲಿದ್ದಾಗ ಮಾಲತೇಶ ನನ್ನ ಪುಸ್ತಕಗಳನ್ನೆಲ್ಲ ಚೀಲಕ್ಕೆ ತುಂಬಿ ರದ್ದಿಗೆ ಹಾಕಿದ. ಸ್ವಲ್ಪ ದಿನಕ್ಕೆ ಅವನೇ ಕಟ್ಟಿಸಿಕೊಂಡು ಬಂದ ಮಿರ್ಚಿ ಭಜಿಯ ಕಾಗದದಲ್ಲಿ ನನ್ನದೇ ಪೆನ್ಸಿಲ್ ಗೆರೆ. ಎಣ್ಣೆ ಕುಡಿದು ಎರಡೂ ಬದಿಯ ಅಕ್ಷರ ಒಂದರ ಮೇಲೊಂದು. "ಓದಾಕ ಬರ್ತೈತೇನ ನೋಡು" ಅಂದಿದ್ದ, ಬಾಯಲ್ಲಿ ಮಿರ್ಚಿ ಇಟ್ಟುಕೊಂಡೇ.

(ಗಂಡನಿಗೆ ಏಕವಚನ ಇಲ್ಲಿ ಮಾತ್ರ. ಇದನ್ನು ಯಾರೂ ಓದುವವರಿಲ್ಲ.)

ಸಾಲು ಇವತ್ತು ಸುಳ್ಳು ಅನ್ನಿಸಿತು. ಇಬ್ಬರು ಒಳಗಿದ್ದ ಮಾತ್ರಕ್ಕೆ ಮಾತು ಮನೆಯಾಗುತ್ತದೆಯೇ? ಇಪ್ಪತ್ನಾಲ್ಕು ವರ್ಷ ಒಳಗೇ ಇದ್ದೆವು. ಮನೆ ಎಂದರೇನು ಅಂತ ತಿಳಿದದ್ದು ಹಾವೇರಿಯ ಈ ಎರಡು ಬಾಡಿಗೆ ಕೋಣೆಗೆ ಒಬ್ಬಳೇ ಬಂದ ಮೇಲೆ. ಎರಡು ವರ್ಷವಾಯಿತು.

ಬಸ್ಸಿಗೆ ಹೊತ್ತಾಯಿತು. ಕುಪ್ಪೇಲೂರಿಗೆ ಹೋಗಬೇಕು.

ಅದೇ ದಿನ, ಸಂಜೆ

ಸೀರೆ ಸಹ ಬದಲಿಸಿಲ್ಲ. ಮೊದಲು ಬರೆದಿಡುತ್ತೇನೆ. ನಾಳೆ ನನ್ನ ಬಾಯಲ್ಲೇ ಇದು ಬೇರೆ ಥರ ಆಗಬಾರದು.

ಕರೆಸಿದ್ದು ಫಕ್ಕೀರಪ್ಪ ಕಾಕಾ, ಮಾಲತೇಶನ ಚಿಕ್ಕಪ್ಪ. ಮಾಲತೇಶನ ಅಕ್ಕ ದುರಗವ್ವ ಮೊದಲೇ ಬಂದು ಗೋಡೆಗೆ ಬೆನ್ನು ಕೊಟ್ಟು ಕೂತಿದ್ದಳು. ಮಗಳು ಕಾವ್ಯಾಳ ಮದುವೆ ಫೆಬ್ರವರಿಯಲ್ಲಿ. ಹುಡುಗ ರಾಣೆಬೆನ್ನೂರಿನವನು. ಬೀಗರಿಗೆ ನಮ್ಮ ವಿಷಯ ಗೊತ್ತಿಲ್ಲ.

ನಮ್ಮ ವಿಷಯ: ಕಳೆದ ತಿಂಗಳು ಹಾವೇರಿ ಕೋರ್ಟಿನಲ್ಲಿ ಇಬ್ಬರೂ ಸಹಿ ಮಾಡಿದ್ದೇವೆ, ಒಪ್ಪಿ ಬೇರೆಯಾಗುತ್ತೇವೆ ಅಂತ. ಅದು ಅರ್ಧ ಕೆಲಸ. ಆರು ತಿಂಗಳು ಬಿಟ್ಟು ಜಡ್ಜ್ ಮತ್ತೆ ಕರೆಯುತ್ತಾರೆ. ಆವತ್ತು ಇಬ್ಬರೂ ಹೋಗಿ ಅದೇ ಮಾತು ಹೇಳಬೇಕು. ಒಬ್ಬರು ಬೇಡ ಅಂದರೆ ಎಲ್ಲ ಮೊದಲಿನಿಂದ. ನನ್ನ ವಕೀಲೆ ಸುನಿತಾ ಇದನ್ನು ಚಿಕ್ಕ ಮಕ್ಕಳಿಗೆ ಹೇಳಿದ ಹಾಗೆ ಹೇಳಿದ್ದಾಳೆ.

ಮಾಲತೇಶ ಹಿಡಿದದ್ದು ಆ ಅರ್ಧವನ್ನೇ. ಕರಾರು ಹೀಗೆ — ಮದುವೆ ಮುಗಿಯುವತನಕ ನಾನು ಅವನ ಪಕ್ಕದಲ್ಲಿ ಹೆಂಡತಿಯಾಗಿ ನಿಲ್ಲಬೇಕು. ಕೋರ್ಟಿನ ಕೆಲಸ ಪೂರ್ತಿ ಆಗುವತನಕ ಹೊರಗಿನ ಯಾರಿಗೂ ಬಾಯಿ ಬಿಡಬಾರದು. ಕಾಲೇಜಿನಲ್ಲಾಗಲಿ, ಓಣಿಯಲ್ಲಾಗಲಿ. ಅದಕ್ಕೆ ಪ್ರತಿಯಾಗಿ ಅವನು ಎಪ್ರಿಲ್‌ನಲ್ಲಿ ಬಂದು 'ಒಪ್ಪಿಗೆ' ಅನ್ನಬೇಕು. ಹಣದ ಮಾತಿಲ್ಲ. ನಾನು ಕೇಳಿಲ್ಲ. ಆ ಒಂದು ಶಬ್ದ ಸಾಕು ನನಗೆ.

ಬರೆದುಕೊಳ್ಳೋಣ ಅಂದೆ. ದುರಗವ್ವ ನಕ್ಕಳು. "ಎಂ.ಎ. ಓದಿದಾಕಿಗೆ ಕಾಗದ ಬೇಕು. ನಮಗ ಭಂಡಾರ ಸಾಕವ್ವ."

ಕಾಕಾ ದೇವರಗುಡ್ಡದ ಮಾಲತೇಶ ದೇವರ ಗುಡಿಯಿಂದ ತಂದಿಟ್ಟ ಭಂಡಾರದ, ಅಂದರೆ ಅರಿಷಿಣ ಪುಡಿಯ, ಚೀಲ ಬಿಚ್ಚಿದರು. ಒಬ್ಬರ ಅಂಗೈಗೆ ಇನ್ನೊಬ್ಬರು ಅರಿಷಿಣ ಹಾಕಿ ಮಾತು ಕೊಡಬೇಕು, ಆಮೇಲೆ ಹಣೆಗೆ. ಮೊದಲು ಅವನು. ದೇವರ ಹೆಸರು ಇಟ್ಟುಕೊಂಡವನು ಅದೇ ದೇವರ ಭಂಡಾರ ಮುಟ್ಟಿ ಹೇಳಿದ. ಗಟ್ಟಿ ದನಿ, ನಂಬಬೇಕು ಅನ್ನಿಸುವ ದನಿ. ಮೆಣಸಿನಕಾಯಿ ದಲಾಲಿ ಅಂಗಡಿಗೆ ಬರುವವರೊಂದಿಗೂ ಇದೇ ದನಿ.

ನಾನೂ ಹೇಳಿದೆ. ನನಗೆ ನಂಬಿಕೆ ಇಲ್ಲ. ಆದರೂ ಬಸ್ಸಿನಲ್ಲಿ ಕೈ ಒರೆಸಿಕೊಳ್ಳಲಿಲ್ಲ. ಈಗ ತೊಳೆದೆ. ಉಗುರ ಸಂದಿಯಲ್ಲಿ ಇನ್ನೂ ಹಳದಿ.

ನವೆಂಬರ್ 23

ಇವತ್ತು ನಳಕ್ಕೆ ನೀರು ಬಿಟ್ಟಿದ್ದರಂತೆ. ನಾನು ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದೆ. ಬಂದು ನೋಡಿದರೆ ಕೊಡ, ಬಕೆಟ್, ಡ್ರಮ್ — ಎಲ್ಲ ತುಂಬಿವೆ. ಬಿಸ್ಮಿಲ್ಲಾಬಿಯ ಕೆಲಸ. ಪಕ್ಕದ ಮನೆಯಲ್ಲಿ ಹೊಲಿಗೆ ಹಾಕುತ್ತಾಳೆ. ನನ್ನ ಮನೆಯ ಇನ್ನೊಂದು ಚಾವಿ ಅವಳ ಮಷಿನ್ನಿನ ಡ್ರಾದಲ್ಲೇ ಇರುತ್ತದೆ. ನೀರು ಯಾವಾಗ ಬರುತ್ತದೋ ಯಾರಿಗೆ ಗೊತ್ತು.

ಥ್ಯಾಂಕ್ಸ್ ಹೇಳೋದಕ್ಕೆ ಹೋದರೆ ಕೇಳಿದಳು, "ಸಾವ್ಕಾರ್ರು ಬರೂದ ಇಲ್ಲಲ್ರಿ ಅಕ್ಕೋರ?"

ಬ್ಯಾಡಗಿಯಲ್ಲಿ ಮೆಣಸಿನಕಾಯಿ ಸೀಸನ್ ಅಂದೆ. ಎರಡು ವರ್ಷದಿಂದ ವರ್ಷಪೂರ್ತಿ ಸೀಸನ್.

ಇವಳೊಬ್ಬಳಿಗೆ ಹೇಳಿಬಿಡಬಹುದಿತ್ತು. ಹೇಳಿದರೆ ತಿಳಿದುಕೊಳ್ಳುವವಳು. ಬಾಯಿತನಕ ಬಂತು. ಮಾತು ಕೊಟ್ಟಿದ್ದೇನೆ.

ಜನವರಿ 12, ಭಾನುವಾರ

ಲಗ್ನಪತ್ರಿಕೆ ಹಂಚುವ ನಾಟಕ. ಗುತ್ತಲ, ರಾಣೆಬೆನ್ನೂರು, ಕೊನೆಗೆ ನಮ್ಮ ಓಣಿ. ಪ್ರತಿ ಮನೆಯಲ್ಲೂ ನಾನು ಕುಂಕುಮ ಹಚ್ಚುವುದು, ಅವನು ಪತ್ರಿಕೆ ಕೊಡುವುದು. ಮನೆ ಮುಂದೆ ಕಾರು ನಿಂತರೆ ನನ್ನ ಕಡೆಯ ಬಾಗಿಲು ತೆಗೆದು ಹಿಡಿಯುತ್ತಿದ್ದ. ಜನ ನೋಡುತ್ತಿದ್ದರು.

ಬಿಸ್ಮಿಲ್ಲಾಬಿಗೆ ಎರಡೂ ಕೈಯಲ್ಲಿ ಪತ್ರಿಕೆ ಕೊಟ್ಟ. "ನಮ್ಮಾಕಿನ್ನ ನೀವ ನೋಡ್ಕೋತೀರಿ ಅಂತ ನಾ ಅಲ್ಲಿ ಆರಾಮ ಅದೇನಿ ತಂಗಿ." ಅವಳ ಕಣ್ಣು ತುಂಬಿ ಬಂತು. ಒಂದು ಲೋಟ ಚಹಾದಲ್ಲಿ ಗೆದ್ದುಬಿಟ್ಟ.

ಕಾರಿನಲ್ಲಿ ಇಬ್ಬರೇ ಆದಾಗ ಅಂದ, "ಹಿಂಗ ಇದ್ದಿದ್ರ ಕೋರ್ಟ್ ಯಾಕ ಬೇಕಾಗ್ತಿತ್ತು?"

"ಹಿಂಗ ಅಂದ್ರ?"

"ಬಾಯಿ ಮುಚ್ಚಿಕೊಂಡು."

ಫೆಬ್ರವರಿ 16, ಭಾನುವಾರ, ಸಂಜೆ 7

ಮುಗಿಯಿತು. ಬರೆಯಬೇಕು ಅನ್ನಿಸಿದ್ದು ಆ ಒಂದೇ ಶಬ್ದ. ಮುಗಿಯಿತು.

ಉಳಿದದ್ದು ಕಿರಿದರಲ್ಲಿ. ನಿನ್ನೆ ರಾಣೆಬೆನ್ನೂರಿನ ಕಲ್ಯಾಣ ಮಂಟಪದಲ್ಲಿ ಕಂಕಣ. ಅವರ ಮನೆಯ ಪದ್ಧತಿಯಂತೆ ಮದುಮಗಳ ತಂದೆತಾಯಿಗೂ ಕಟ್ಟುತ್ತಾರೆ — ಕರಿ ಉಣ್ಣೆಯ ದಾರ, ನಡುವೆ ಅರಿಷಿಣದ ಕೊಂಬು. ಗಂಡನಿಗೆ ಹೆಂಡತಿ, ಹೆಂಡತಿಗೆ ಗಂಡ. ಮಾಲತೇಶ ಮುಂಗೈ ಚಾಚಿ ಎಲ್ಲರಿಗೂ ಕೇಳುವ ಹಾಗೆ ಅಂದ, "ಬಿಗೀ ಕಟ್ಟು, ಜಾರಿ ಹೋಗೀತು." ಹೆಂಗಸರು ನಕ್ಕರು. ಕಟ್ಟಿದೆ. ಗಂಟಿನ ಮೇಲೆ ಗಂಟು, ಅದರ ಮೇಲೆ ಇನ್ನೊಂದು. ಸಿಟ್ಟು ಬೆರಳಿಗೆ ಇಳಿದಿತ್ತು.

ಸುರಗಿಯ ಸ್ನಾನಕ್ಕೆ ತಂಬಿಗೆಗಳ ಸುತ್ತ ದಾರ ಸುತ್ತಿ ನಮ್ಮಿಬ್ಬರನ್ನೂ ಒಳಗೆ ಕೂರಿಸಿದರು. ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಜಾಗ. ತಣ್ಣೀರು. ಇಬ್ಬರೂ ಒಂದೇ ಸಲ ನಡುಗಿದೆವು. ಅದು ಬೇಸರವಾಯಿತು ನನಗೆ, ಒಂದೇ ಸಲ ನಡುಗಿದ್ದು.

ಇವತ್ತು ಮಧ್ಯಾಹ್ನ ವಧೂವರರ ಮೇಲೆ ಅಕ್ಕಿಕಾಳು ಬಿತ್ತು. ಕಾವ್ಯಾ ನನ್ನ ಕುತ್ತಿಗೆಗೆ ಬಿದ್ದು ಕಿವಿಯಲ್ಲಿ ಅಂದಳು, "ನನ್ನ ಸಲುವಾಗಿ ಇಷ್ಟ ಮಾಡಿದಿ ಅವ್ವಾ. ಇನ್ನ ನಿನ್ನ ದಾರಿ ನೀ ನೋಡಿಕೋ." ಅವಳನ್ನು ಕಳಿಸಿ ತಿರುಗಿದರೆ ಆಗಲೇ ಮಂಟಪ ಗುಡಿಸುತ್ತಿದ್ದರು.

ದುರಗವ್ವ ಬಂದು, ನಾಳೆ ಬ್ಯಾಡಗಿ ಮನೆಯಲ್ಲಿ ಕಂಕಣ ಬಿಚ್ಚುವುದೈತಿ, ಹೋಳಿಗೆಗೆ ಬೇಳೆ ನೆನೆ ಹಾಕಿದೆ ಅಂದಳು. ನಾಳೆ ಮಕ್ಕಳ ಪೂರ್ವಸಿದ್ಧತಾ ಪರೀಕ್ಷೆ, ಡ್ಯೂಟಿ ಐತಿ ಅಂದೆ. ಖರೇನೂ ಹೌದು. "ಮದುವಿ ಮುಗೀತಲ್ಲ ಅಕ್ಕಾ."

ಅವಳು ಕಂಕಣ ಇನ್ನೂ ಇದ್ದ ನನ್ನ ಮುಂಗೈ ನೋಡಿದಳು.

ಮನೆಗೆ ಬಂದ ಕೂಡಲೇ ಬಿಸ್ಮಿಲ್ಲಾಬಿಯ ಕತ್ತರಿ ಇಸಿದುಕೊಂಡೆ. ಏನು ಕತ್ತರಿಸಾಕ್ರಿ ಅಂದಳು. ದಾರ ಅಂದೆ. ನನ್ನ ಕಂಕಣ ಈಗ ಕರಿಬೇವಿನ ಕುಂಡದಲ್ಲಿ ಬಿದ್ದಿದೆ.

ಮಾರ್ಚ್ 22

ಕಾವ್ಯಾಳ ಫೋನು. ಅಡುಗೆ, ಅತ್ತೆ, ಹೊಸ ಮಿಕ್ಸರ್. ನಡುವೆ — ಅಪ್ಪ ಇನ್ನೂ ಕಂಕಣ ಬಿಚ್ಚಿಲ್ಲ, ಅಂಗಡಿಗೂ ಹಾಕಿಕೊಂಡೇ ಹೋಗ್ತಾನ, ಕೈ ಕೆರಕೊಳ್ತಾನ ಅಂದಳು. ನಗುತ್ತಿದ್ದಳು.

ನಾನೂ ನಕ್ಕೆ.

ಎಪ್ರಿಲ್ 15, ಮಧ್ಯಾಹ್ನ, ಕೋರ್ಟಿನ ಪಡಸಾಲೆ

ಬರಲಿಲ್ಲ.

ಹೆಸರು ಕೂಗಿದರು. ನನ್ನದಕ್ಕೆ ನಾನು ನಿಂತೆ. ಅವನದಕ್ಕೆ ಯಾರೂ ನಿಲ್ಲಲಿಲ್ಲ. ಹೊರಗೆ ಬಂದು ಫೋನು ಹಚ್ಚಿದೆ. ಅಂಗಡಿಯಲ್ಲಿದ್ದ, ಹಿಂದೆ ಹಮಾಲರ ದನಿ, ಯಾರೋ ಸೀನುವುದು.

"ಮದುವಿ ಮುಗೀಲಿ, ಬರ್ತೇನಿ."

ಯಾವ ಮದುವೆ ಅಂದೆ. ಫೋನು ದುರಗವ್ವನ ಕೈಗೆ ಹೋಯಿತು. ಅಂಗಡಿಯಲ್ಲಿ ಅವಳಿಗೇನು ಕೆಲಸ? ನನ್ನ ಫೋನಿಗೇ ಕಾದಿದ್ದಾಳೆ.

"ಕಂಕಣ ಕೈಯಾಗ ಇರೂಮಟ ಅದು ಮದುವಿ ಮನಿ. ಮದುವಿ ಮನಿಯಿಂದ ಯಾರರ ಸೋಡಚೀಟಿ ಬರಿಸಾಕ ಕೋರ್ಟಿಗೆ ಹೋಗ್ತಾರೇನು? ನೀ ಕಟ್ಟಿದ್ದು ನೀನ ಬಿಚ್ಚಬೇಕಿತ್ತು. ಬಂದೇನು? ಮದುವಿ ಮುಗಿಯೂತನಕ ಅಂತ ಭಂಡಾರ ಮುಟ್ಟಿದಾಕಿ ನೀನ. ಮಾತು ಮುರದಾಕಿನೂ ನೀನ."

ಇಟ್ಟುಬಿಟ್ಟಳು.

ಮುಂದಿನ ತಾರೀಖು ಬೇಸಿಗೆ ರಜೆ ದಾಟಿ, ಜೂನ್ ಹತ್ತಕ್ಕೆ. ಸುನಿತಾ ಸಿಟ್ಟಾಗಿದ್ದಾಳೆ. ಯಾವ ಕಾನೂನಿನಲ್ಲೂ ಉಣ್ಣೆ ದಾರ ಇಲ್ಲ ಮೇಡಂ, ಆದರ ಅವರನ್ನ ಎತ್ತಿಕೊಂಡು ಬರಾಕ ಆಗೂದಿಲ್ಲ ಅಂದಳು. ಇನ್ನೊಂದು ಮಾತು ಗಟ್ಟಿಯಾಗಿ ಹೇಳಿದಳು. ನಾವು ಬೇರೆ ಬೇರೆ ಇದ್ದೇವೆ ಅನ್ನುವುದರ ಮೇಲೇ ಈ ಅರ್ಜಿ ನಿಂತಿದೆ. ಕೂಡಿ ಇದ್ದೇವೆ ಅಂತ ಅವನು ಹೇಳಿ, ಹೌದು ಅನ್ನಲು ಒಬ್ಬರು ಸಿಕ್ಕರೆ, ಅರ್ಜಿ ಬಿತ್ತು. "ಏನ ಕಾರಣಕ್ಕೂ ಅವರ ಮನ್ಯಾಗ ಒಂದ ರಾತ್ರಿ ಉಳೀಬ್ಯಾಡ್ರಿ."

ಎಪ್ರಿಲ್ 20

ಕಾಕಾಗೆ ಫೋನು ಮಾಡಿದ್ದೆ. ನೀವೇ ಸಾಕ್ಷಿ ಅಂದೆ. "ಮದುವಿ ಅಂದ್ರ ಕಂಕಣ ಕಟ್ಟೂದರಿಂದ ಬಿಚ್ಚೂ ಮಟ, ತಂಗೀ. ನಮ್ಮ ಕಡೆ ಹಂಗ" ಅಂದರು.

ಇಪ್ಪತ್ತಾರು ವರ್ಷದಿಂದ ಆ ಮನೆಯವಳು. ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಮಂಟಪ ಗುಡಿಸಿದರೆ ಮದುವೆ ಮುಗಿಯಿತು ಅಂದುಕೊಳ್ಳುವುದು ನನಗೆ ಬೇಕಾಗಿತ್ತು. ಅವರಿಗೆ ಮುಗಿಯದಿರುವುದು ಬೇಕಾಗಿದೆ. ಒಂದೇ ಕರಾರು. ಪ್ರತಿಯೊಬ್ಬರೂ ತಮಗೆ ಬೇಕಾದ ಕಡೆ ನಿಲ್ಲಿಸಿ ಓದುತ್ತಾರೆ, ಪದ್ಯ ಓದಿದ ಹಾಗೆ.

ಮೇ 4

ಇಲ್ಲ. ಹೋಗುವುದಿಲ್ಲ. ಕೈ ಕೊಳೆತು ಹೋಗಲಿ.

ಮೇ 29

ಹೋಗುತ್ತೇನೆ. ಬಿಚ್ಚಿದ ಮೇಲೆ ಇನ್ನೇನು ನೆವ ಉಳಿಯುತ್ತದೆ ಅವನ ಹತ್ತಿರ?

ಜೂನ್ 1, ಭಾನುವಾರ, ಸಂಜೆ

ಬ್ಯಾಡಗಿ. ಬಸ್ಸಿನಿಂದ ಇಳಿದ ಕೂಡಲೇ ಗಂಟಲು ಹಿಡಿಯಿತು. ಅಲ್ಲಿದ್ದಾಗ ಮೆಣಸಿನಕಾಯಿಯ ಈ ಘಾಟು ಗೊತ್ತೇ ಆಗುತ್ತಿರಲಿಲ್ಲ.

ದುರಗವ್ವ ಎಲ್ಲ ಹೂಡಿಟ್ಟಿದ್ದಳು. ರಂಗೋಲಿ, ಎರಡು ಮಣೆ, ಓಣಿಯ ಏಳೆಂಟು ಹೆಂಗಸರು. ಮಾತಿಲ್ಲದೆ ಬಿಚ್ಚಿ ಬಂದುಬಿಡುತ್ತೇನೆ ಅಂದುಕೊಂಡಿದ್ದೆ. ದಡ್ಡಿ.

ದಾರ ಬೆವರು ಕುಡಿದು ತಂತಿಯಂತಾಗಿತ್ತು. ಕೊಂಬು ಸುಕ್ಕಾಗಿ ಇಲಿ ಹಿಕ್ಕೆಯ ಬಣ್ಣ. ಅದರ ಕೆಳಗೆ ಚರ್ಮ ಕೆಂಪಗೆ ಒಡೆದಿತ್ತು. ಕತ್ತರಿ ಕೇಳಿದರೆ ಕಬ್ಬಿಣ ಮುಟ್ಟಿಸಬಾರದು ಅಂದಳು. ಉಗುರಿನಲ್ಲೇ ಬಿಚ್ಚಬೇಕು. ನಾನೇ ಹಾಕಿದ ಗಂಟು, ಗಂಟಿನ ಮೇಲಿನ ಗಂಟು. ಅವನ ಕೈ ನನ್ನ ಮಡಿಲಿನ ಮೇಲೆ. ಹೊರಳಿಸಿ ಹೊರಳಿಸಿ ನೋಡಿದೆ. ಎಷ್ಟು ಹೊತ್ತೋ.

"ಕೂದಲ ಬೆಳ್ಳಗಾಗ್ಯಾವ" ಅಂದ, ನನಗಷ್ಟೇ ಕೇಳುವ ಹಾಗೆ.

"ಕೈ ಅಲ್ಲಾಡಿಸಬ್ಯಾಡ್ರಿ."

"ಖರೇ ಹೇಳು. ನಿನಗ ಏನ ಕಡಿಮಿ ಮಾಡಿದ್ದೆ ನಾ?"

ತಯಾರು ಮಾಡಿಕೊಂಡ ಉತ್ತರಗಳು ಇದ್ದವು, ವರ್ಷಗಳಿಂದ. ಬಾಯಿಗೆ ಬಂದದ್ದು ಒಂದೇ. "ಪುಸ್ತಕ."

ನಕ್ಕ. ಖುಷಿಯಿಂದಲೇ ನಕ್ಕ. "ರದ್ದಿ ಸಲುವಾಗಿ ಸಂಸಾರ ಬಿಟ್ಟೆ ಅಂತ ಜಡ್ಜನ ಮುಂದ ಹೇಳು. ಅಂವಾನೂ ನಗಲಿ."

ಕೊನೆಯ ಗಂಟಿಗೆ ಉಗುರು ಮುರಿಯಿತು. ದಾರ ಬಂತು. ಹೆಂಗಸೊಬ್ಬಳು ಸೋಬಾನೆ ಎತ್ತಿದಳು.

ಎದ್ದು ನಿಂತೆ. ನಿನ್ನ ಕಂಕಣ ಎಲ್ಲಿ, ಅಂದಳು ದುರಗವ್ವ. ನನ್ನ ಬರಿ ಮುಂಗೈ ಹಿಡಿದುಕೊಂಡಿದ್ದಳು. ಕತ್ತರಿಸಿದೆ ಅಂದೆ. ಅವಳು ಒಳಗೆ ಹೋಗಿ ಹೊಸ ಉಣ್ಣೆ ದಾರ ತಂದಳು, ಹೊಸ ಕೊಂಬು. ಬಯ್ಯಲಿಲ್ಲ. ಬಯ್ದಿದ್ದರೆ ಎದ್ದು ಬರುತ್ತಿದ್ದೆ.

ಅವನು ಕಟ್ಟಿದ. ಸಡಿಲಾಗಿ, ಒಂದೇ ಸುತ್ತು. ಎಲ್ಲರೂ ನೋಡುತ್ತಿದ್ದ ಹಾಗೆ ಎರಡು ಬೆರಳಿನಲ್ಲಿ ಎಳೆದ. ಬಿಚ್ಚಿತು.

"ನೋಡಿದ್ಯಾ" ಅಂದ. "ನಾ ಎಂದೂ ಬಿಗಿದಿಲ್ಲ."

ಉಡಿ ತುಂಬಿದರು. ಹೋಳಿಗೆ ಬಡಿಸಿದ್ದರು, ಮುಟ್ಟಲಿಲ್ಲ. ಐದರ ಬಸ್ಸಿಗೆ ಹೊರಟು ಬಂದೆ. ಬಾಗಿಲತನಕ ಬಂದು ದುರಗವ್ವ ಅಂದದ್ದು, "ಮದುವಿ ಈಗ ಮುಗೀತು. ಭಂಡಾರದ ಮಾತು ಇನ್ನ ಅವನ ಮ್ಯಾಲ ಐತಿ." ಅವಳ ಮುಖದಲ್ಲಿ ಮೋಸ ಕಾಣಲಿಲ್ಲ. ಅವಳು ನಂಬಿದ್ದಾಳೆ. ಈ ಎಲ್ಲದರಲ್ಲಿ ನಂಬಿದವಳು ಅವಳೊಬ್ಬಳೇ ಏನೋ.

ಜೂನ್ 9, ಸಂಜೆ

ಅವನೇ ಫೋನು ಮಾಡಿದ. ಮೆತ್ತಗಿನ ದನಿ.

"ನಾಳೆ ಬರ್ತೇನಿ. ಎಷ್ಟಕ್ಕ ಹೋಗ್ತಿ ಕೋರ್ಟಿಗೆ?"

ಹತ್ತಕ್ಕೆ ಮನೆ ಬಿಡುತ್ತೇನೆ ಅಂದೆ.

"ಆತು."

ಬಿಳಿ ಅಂಚಿನ ಸೀರೆ ಇಸ್ತ್ರಿ ಮಾಡಿಟ್ಟಿದ್ದೇನೆ. ಆವತ್ತು ಅವಲಕ್ಕಿ ತೋಯಿಸುವಾಗ ನೆನಪಾದ ಸಾಲು ಮತ್ತೆ ನಾಲಿಗೆಯ ಮೇಲಿದೆ, ಇನ್ನರ್ಧ ಇನ್ನೂ ಬರುತ್ತಿಲ್ಲ. ನಾಳೆ ಸಂಜೆ ಬಿಸ್ಮಿಲ್ಲಾಬಿಗೆ ಎಲ್ಲ ಹೇಳಬೇಕು. ಮೊದಲು ಅವಳಿಗೇ. ಇಷ್ಟು ದಿನ ಸುಳ್ಳು ಹೇಳಿದ್ದಕ್ಕೆ ಬಯ್ಯಲಿ.

ಜೂನ್ 10, 11.20, ಕೋರ್ಟಿನ ಪಡಸಾಲೆ

ಇನ್ನೂ ಇಲ್ಲ. ಫೋನು ಬಂದ್. ಸುನಿತಾ ಮೆಟ್ಟಿಲ ಕಡೆಗೇ ನೋಡುತ್ತಿದ್ದಾಳೆ.

3.40

ಅವನ ಬದಲು ಹೊಸ ವಕೀಲ ಬಂದ. ದಂಪತಿ ಮತ್ತೆ ಕೂಡಿ ಇದ್ದಾರೆ, ನಮ್ಮ ಕಕ್ಷಿದಾರರಿಗೆ ಬೇರೆಯಾಗುವ ಇಚ್ಛೆ ಇಲ್ಲ ಅಂದ. ಜಡ್ಜ್ ನನ್ನತ್ತ ನೋಡಿದರು. ಸುಳ್ಳು ಅಂದೆ. ಎಲ್ಲಿ ಕೂಡಿ ಇದ್ದಾರೆ ಅಂತ ಆ ವಕೀಲನನ್ನು ಕೇಳಿದರು. ಅವನು ಓದಿದ್ದು ನನ್ನ ಬಾಡಿಗೆ ಮನೆಯ ವಿಳಾಸ. ಬಿಸ್ಮಿಲ್ಲಾಬಿಯ ಪಕ್ಕದ ಮನೆ.

ನಗು ಬಂತು ನನಗೆ, ಕೋರ್ಟಿನಲ್ಲೇ. ಎರಡು ವರ್ಷದಿಂದ ಆ ಹೊಸ್ತಿಲು ದಾಟಿದ ಗಂಡಸೆಂದರೆ ಗ್ಯಾಸ್ ಸಿಲಿಂಡರಿನವನು. ಅಷ್ಟು ದೊಡ್ಡ ಸುಳ್ಳು ಹೇಗೆ ನಿಲ್ಲುತ್ತದೆ?

ಮುಂದಿನ ತಾರೀಖಿಗೆ ಸಾಕ್ಷಿ ತರಲು ಹೇಳಿದ್ದಾರೆ. ಹೊರಗೆ ಸುನಿತಾ ಅಂದಳು, "ಹೌದು ಅನ್ನೂ ಒಬ್ಬ ಮನಶಾ ಬೇಕಲ್ರಿ ಅವರಿಗೆ. ನಿಮ್ಮ ಓಣ್ಯಾಗ ಯಾರು ಸಿಗ್ತಾರ?"

ಯಾರೂ ಇಲ್ಲ ಅಂದೆ.

5.30, ನಮ್ಮ ಮನೆಯ ಮೆಟ್ಟಿಲು

ಒಳಗೆ ಹೋಗಿಲ್ಲ. ಚೀಲ ಮಡಿಲಲ್ಲಿಟ್ಟುಕೊಂಡು ಇಲ್ಲೇ ಕೂತಿದ್ದೇನೆ. ಬಾಗಿಲು ತೆರೆದಿದೆ. ಹೊಸ್ತಿಲ ಹತ್ತಿರ ಅವನ ಚಪ್ಪಲಿ. ಒಳಗೆ ಫ್ಯಾನು ತಿರುಗುತ್ತಿದೆ, ಮೆಣಸಿನಕಾಯಿಯ ಘಾಟು ಹೊರಗಿನತನಕ ಬರುತ್ತಿದೆ. ನನ್ನ ಬಾಗಿಲಲ್ಲಿ ಬಿಸ್ಮಿಲ್ಲಾಬಿ ನಿಂತಿದ್ದಳು, ಕೈಯಲ್ಲಿ ಖಾಲಿ ಚಹಾ ಲೋಟ, ಮುಖದ ತುಂಬ ನಗು. ಅವಳು ಅಂದದ್ದು ಹಾಗೇ ಬರೆಯುತ್ತೇನೆ —

"ನೀವು ಅತ್ತಾಗ ಹೋದ್ರಿ, ಇತ್ತಾಗ ಸಾವ್ಕಾರ್ರು ಬಂದ್ರು ಅಕ್ಕೋರ. ಟ್ರಂಕು, ಹಾಸಿಗಿ, ಎಲ್ಲ ತಂದಾರ. ಚಾವಿ ಕೇಳಿದ್ರು, ಕೊಟ್ಟೇನಿ. ಬೆನ್ನ ಹಿಂದ ಒಬ್ಬಾಂವ ಕರೀ ಕೋಟಿನಾಂವ ಬಂದು, ಇವರು ಇಲ್ಲೇ ಇರ್ತಾರೇನು ಅಂತ ಕೇಳಿದ. ಹೂನ್ರಿ, ಗಂಡಾ ಹೆಂಡ್ತಿ, ಇದ ಅವರ ಮನಿ, ಮೊದಲಿಂದ ಇಲ್ಲೇ ಅದಾರ ಅಂದೆ. ಬರದಕೊಂಡ, ಸಹಿ ಮಾಡು ಅಂದ, ಮಾಡೇನಿ. ಓಣ್ಯಾಗ ನಿಮ್ಮ ಮರ್ಯಾದಿ ನಾ ಬಿಟ್ಟ ಕೊಡ್ತೇನೇನ್ರಿ? ಬರೋಬ್ಬರಿ ಹೇಳೇನಿಲ್ರಿ, ಅಕ್ಕೋರ?"